ಇಲಿಗೆ ಇಟ್ಟ ವಡೆ

ಮಾಲೂರಿನ ಅಂಚಿನಲ್ಲಿರುವ ಕದಿರೇಶನ ಮನೆಯನ್ನು ಮುಂದಿನಿಂದ ನೋಡಿದವರು ಭೇಷ್ ಅನ್ನುತ್ತಾರೆ. ಬಾಗಿಲ ಎರಡೂ ಕಡೆ ಹೊಳೆಯುವ ಟೈಲ್ಸು, ಮೆಟ್ಟಿಲಿಗೆ ಗ್ರಾನೈಟು, ಗೇಟಿನ ಮೇಲೆ ಚಿನ್ನದ ಬಣ್ಣ ಬಳಿದ ಸಿಂಹದ ಮುಖ. ಹಿಂದಿನಿಂದ ನೋಡಿದವರು ಮಾತ್ರ ಕಡಿಮೆ. ಹಿಂದೆ ಇರುವುದು ಪಾತ್ರೆ ತೊಳೆಯುವ ಕಲ್ಲು, ಅಲ್ಲಿಗೆ ದಿನವೂ ಹೋಗುವವಳು ಕದಿರೇಶನ ಹೆಂಡತಿ ಮುನಿಲಕ್ಷ್ಮಿ ಒಬ್ಬಳೇ. ಹಾಗಾಗಿ ಆ ಗೋಡೆಗೆ ಗಾರೆ ಹಾಕಿಸಬೇಕು ಎಂದು ಮನೆ ಕಟ್ಟಿದಂದಿನಿಂದ ಯಾರಿಗೂ ಅನ್ನಿಸಿರಲಿಲ್ಲ. ಕೆಂಪು ಇಟ್ಟಿಗೆ ಹಾಗೇ ಬೆತ್ತಲೆ ನಿಂತಿತ್ತು.

ಆ ಗೋಡೆಯಲ್ಲಿ ಗುಳಿ ಬಿದ್ದಿರುವುದನ್ನು ಮೊದಲು ಕಂಡವಳು ಅತ್ತೆ ಮುನಿಗಂಗಮ್ಮ. ಮೊಟ್ಟೆ ಇಡುವ ಕೋಳಿಯನ್ನು ಹುಡುಕುತ್ತ ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು.

“ಲೋ ಕದಿರೇಶಾ, ಬಾರೋ ಇಲ್ಲಿ! ನಿನ್ನ ಮನೇನ ಇಲಿ ತಿಂದು ಮುಗಿಸ್ತಾ ಐತೆ!”

ಕದಿರೇಶ ಇಟ್ಟಿಗೆ ಗೂಡಿನಲ್ಲಿ ಟ್ರ್ಯಾಕ್ಟರ್ ಓಡಿಸುವವನು. ಆ ಮನೆಯ ಒಂದೊಂದು ಇಟ್ಟಿಗೆಯನ್ನೂ ಅವನೇ ಆರಿಸಿ ತಂದಿದ್ದ. ಗುಳಿಗೆ ಬೆರಳು ತೂರಿಸಿ ನೋಡಿದ. “ನಮ್ಮ ಗೂಡಿನ ಇಟ್ಟಿಗೆ ಕೊರೀಬೇಕು ಅಂದ್ರೆ ಇದು ಇಲಿ ಅಲ್ಲಮ್ಮ, ಹೆಗ್ಗಣ” ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಗುಳಿ ಇದ್ದದ್ದು ಕುಕ್ಕರುಗಾಲಲ್ಲಿ ಕೂತ ಹೆಂಗಸಿನ ಭುಜದ ಎತ್ತರದಲ್ಲಿ. ಇಲಿಗಳು ಅಷ್ಟು ಎತ್ತರದಲ್ಲಿ ಕೊರೆಯುವುದಿಲ್ಲ ಎಂದು ಅಮ್ಮ ಮಗ ಇಬ್ಬರಿಗೂ ಹೊಳೆಯಲಿಲ್ಲ. ಮುನಿಲಕ್ಷ್ಮಿಗೆ ಹೊಳೆದಿತ್ತು. ಅವಳು ಸುಮ್ಮನೆ ಬಾಣಲೆ ತಿಕ್ಕುತ್ತಿದ್ದಳು.

ಸಂತೆಯಿಂದ ಇಲಿಬೋನು ಬಂತು. ಬೋನಿಗೆ ಏನಿಡುವುದು ಎಂಬ ಚರ್ಚೆಯಾಗಿ, ಮಸಾಲೆ ವಡೆಯೇ ಸರಿ ಎಂದಾಯಿತು. ಮುನಿಲಕ್ಷ್ಮಿ ಕಡಲೆಬೇಳೆ ನೆನೆಹಾಕಿ, ಒರಳಲ್ಲಿ ರುಬ್ಬಿ, ಒಲೆ ಮುಂದೆ ನಿಂತು ಕರಿದಳು. ಬಾಣಲೆಯಿಂದ ಎತ್ತಿದ ವಡೆ ತಟ್ಟೆಗೆ ಬೀಳುತ್ತಿದ್ದ ಹಾಗೇ ಖಾಲಿಯಾಗುತ್ತಿತ್ತು. ಕದಿರೇಶ ತಿಂದ, ಕೋಲಾರದ ಕಾಲೇಜಿನಿಂದ ಬಸ್ಸಿಳಿದು ಬಂದ ಮಗಳು ಧನಶ್ರೀ ತಿಂದಳು, ಪಕ್ಕದ ಮನೆಯವರಿಗೂ ಒಂದಷ್ಟು ಹೋಯಿತು. ಒಲೆ ಆರಿಸಿ ಅವಳು ಹೊರಗೆ ಬರುವ ಹೊತ್ತಿಗೆ ತಟ್ಟೆಯಲ್ಲಿ ಒಂದೇ ಒಂದು ವಡೆ ಉಳಿದಿತ್ತು. ಕೈ ಚಾಚಿದಳು.

“ಏಯ್, ಅದು ಇಲಿಗೆ!” ಎಂದ ಕದಿರೇಶ.

ಮನೆಯಲ್ಲಿ ಇಲಿಗೆಂದು ವಡೆ ಎತ್ತಿಡುವವರು ಇದ್ದರು. ಅಂದು ಮುನಿಲಕ್ಷ್ಮಿಗೆ ಬಹಳ ನಗು ಬಂತು.

ಬೆಳಿಗ್ಗೆ ನೋಡಿದರೆ ಬೋನಿನ ಬಾಗಿಲು ಬಿದ್ದಿರಲಿಲ್ಲ, ಒಳಗೆ ವಡೆಯೂ ಇರಲಿಲ್ಲ. ಮುಂದಿನ ಸಲವೂ ಹಾಗೇ ಆಯಿತು. “ಬಾಗಿಲು ಬೀಳದ ಹಾಗೆ ವಡೆ ಎಳ್ಕೊಂಡು ಹೋಗುತ್ತೆ ಕಣಯ್ಯಾ, ಅಂಥ ಚಾಲಾಕಿ!” ಎಂದು ಕದಿರೇಶ ಗೂಡಿನಲ್ಲೆಲ್ಲ ಹೇಳಿಕೊಂಡು ಬಂದ. ಇಲಿ ಮಾತ್ರ ವಡೆಗೆ ಉಪ್ಪು ಸ್ವಲ್ಪ ಕಡಿಮೆಯಾಯಿತು ಎಂದುಕೊಂಡು, ಮುಂದಿನ ಸಲ ಸರಿಯಾಗಿ ಹಾಕಿತು.

ಈ ಇಲಿ ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಹತ್ತಿರ, ಟೊಮೊಟೊ ತೋಟದ ನಡುವಿನ ಮನೆಯಲ್ಲಿ. ಚಿಕ್ಕವಳಿದ್ದಾಗ ಹುತ್ತದ ಮಣ್ಣು, ಸ್ಲೇಟಿನ ಬಳಪ. ದೊಡ್ಡವಳಾದ ಮೇಲೆ ಅಕ್ಕಿ ಆರಿಸುವಾಗ ಬಾಯಿಗೊಂದಿಷ್ಟು ಹಸಿ ಅಕ್ಕಿ. ಅವ್ವ ಬಾಯಿ ಮೇಲೆ ಹೊಡೆದು ಬಿಡಿಸಿದ್ದಳು. ಮದುವೆಯಾಗಿ ಬಂದದ್ದು ಮಾಲೂರಿಗೆ. ಊರ ಸುತ್ತ ಇಟ್ಟಿಗೆ ಗೂಡು, ಗಂಡ ಮನೆಗೆ ಬಂದರೆ ಅಂಗಿಯ ತುಂಬ ಇಟ್ಟಿಗೆ ಪುಡಿ. ಕಳ್ಳು ಬಿಟ್ಟವನನ್ನು ತಂದು ಈಚಲ ವನದಲ್ಲಿ ಕೂರಿಸಿದಂತಾಯಿತು.

ಬಸುರಿಯಾಗಿದ್ದಾಗ ಶುರುವಾದ ಚಟ ಮಗಳು ಕಾಲೇಜಿಗೆ ಹೋದರೂ ಬಿಡಲಿಲ್ಲ. ಪಾತ್ರೆ ತೊಳೆದು ಮುಗಿಸಿ, ಗೋಡೆಗೆ ಒಂದು ಬೊಗಸೆ ನೀರು ಚಿಮುಕಿಸುವುದು. ಒಣ ಇಟ್ಟಿಗೆ ಸುರ್ ಎಂದು ನೀರು ಹೀರಿಕೊಂಡು ಹೊಸ ಮಳೆಯ ವಾಸನೆ ಬಿಡುತ್ತದೆ. ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡು, ಚಮಚದ ಹಿಡಿಯಿಂದ ಒಂದು ಚೂರು ಕೆರೆದು ನಾಲಿಗೆಯ ಮೇಲಿಟ್ಟುಕೊಂಡರೆ ಅಷ್ಟು ಹೊತ್ತು ಅವಳನ್ನು ಯಾರೂ ಕರೆಯಬಾರದು. ಕರೆದರೂ ಕೇಳಿಸುತ್ತಿರಲಿಲ್ಲ.

ಆದರೆ ಹೊಟ್ಟೆ ಲೆಕ್ಕ ಇಡುತ್ತಿತ್ತು. ಆಗಾಗ ಕರುಳು ಹಿಂಡಿದ ಹಾಗೆ ನೋವು, ದಿನಗಟ್ಟಲೆ ಮಲಬದ್ಧತೆ, ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. “ಗ್ಯಾಸು” ಎಂದು ಮನೆಯವರೆಲ್ಲ ಒಕ್ಕೊರಲಿನಿಂದ ತೀರ್ಮಾನಿಸಿದ್ದರು. ಜೀರಿಗೆ ಕಷಾಯ, ಓಮದ ನೀರು, ಅಂಗಡಿಯ ಮಾತ್ರೆ ಎಲ್ಲ ಆಯಿತು. ಅವಳಿಗೆ ಅಸಲಿ ಕಾರಣ ಗೊತ್ತಿತ್ತು. ಒಂದು ಸಲ ಕೋಲಾರಮ್ಮನಿಗೆ ಕೈ ಮುಗಿದು, “ಇನ್ನು ಮುಟ್ಟಲ್ಲ ತಾಯಿ” ಎಂದು ಆಣೆ ಇಟ್ಟು ಬಂದಿದ್ದಳು. ಆಣೆ ಮುಂದಿನ ಪಾತ್ರೆ ತೊಳೆಯುವವರೆಗೆ ನಿಂತಿತು.

ಒಂದು ಬೆಳಿಗ್ಗೆ ಪಾತ್ರೆಯ ರಾಶಿಯ ಮೇಲೆಯೇ ಬಿದ್ದಳು. ಅಂದು ಗ್ಯಾಸು ಅನ್ನಲು ಕದಿರೇಶನಿಗೂ ಧೈರ್ಯವಾಗಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರ್ ದಿವ್ಯ ಚಿಕ್ಕ ವಯಸ್ಸಿನವರು. ಮುನಿಲಕ್ಷ್ಮಿಯ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ರಕ್ತದ ರಿಪೋರ್ಟ್ ಬಂದ ಮೇಲೆ ನೇರವಾಗಿ ಕೇಳಿದರು. “ಮಣ್ಣು, ಇಟ್ಟಿಗೆ, ಹಸಿ ಅಕ್ಕಿ, ಏನಾದ್ರೂ ತಿಂತೀರಾ?”

ಕದಿರೇಶನಿಗೆ ಅವಮಾನವಾಯಿತು. “ಇಟ್ಟಿಗೆನಾ? ಏನ್ ಮೇಡಂ, ನಾವು ಅಂಥ ಗತಿಗೆಟ್ಟವರಲ್ಲ. ಮನೆ ಮುಂದೆ ಗ್ರಾನೈಟ್ ಹಾಕ್ಸಿದ್ದೀನಿ.”

“ತಿಂತೀನಿ” ಎಂದಳು ಮುನಿಲಕ್ಷ್ಮಿ.

ಕದಿರೇಶ ಹೆಂಡತಿಯನ್ನೇ ನೋಡಿದ. ಆಮೇಲೆ ಸೀಲಿಂಗ್ ಫ್ಯಾನ್ ನೋಡಿದ. “ಹಂಗಾದ್ರೆ... ಆ ಇಲಿ?”

“ನಾನೇ.”

“ವಡೆ?”

“ಅದೂ ನಾನೇ.”

ಅವನು ತಗ್ಗಿದ ದನಿಯಲ್ಲಿ ಕೇಳಿದ. “ನಮ್ಮ ಗೂಡಿನ ಇಟ್ಟಿಗೇನೇ ತಿಂದ್ಯಾ?”

“ಮನೇಲಿರೋದು ಅದೇ ತಾನೆ? ನಿಜ ಹೇಳ್ಬೇಕಂದ್ರೆ ಟೇಕಲ್ ರಸ್ತೆ ಗೂಡಿಂದು ಇನ್ನೂ ರುಚಿ.”

ಈ ಮಾತನ್ನು ಕದಿರೇಶ ಇವತ್ತಿಗೂ ಕ್ಷಮಿಸಿಲ್ಲ.

ಡಾಕ್ಟರು ಅವನನ್ನು ಮಾತ್ರೆ ತರಲು ಕಳಿಸಿ ಮುನಿಲಕ್ಷ್ಮಿಯನ್ನು ಹತ್ತಿರ ಕೂರಿಸಿಕೊಂಡರು. ಮೈಯಲ್ಲಿ ಇರಬೇಕಾದ ಅರ್ಧದಷ್ಟೂ ರಕ್ತವಿಲ್ಲ, ರಕ್ತದಲ್ಲಿ ಕಬ್ಬಿಣದಂಶ ಇಲ್ಲದ್ದಕ್ಕೇ ನಾಲಿಗೆ ಇಟ್ಟಿಗೆ ಕೇಳುತ್ತದೆ, ಇಟ್ಟಿಗೆ ತಿಂದಷ್ಟೂ ಕರುಳು ಕೆಡುತ್ತದೆ, ಹೀಗೇ ಹೋದರೆ ಒಂದು ದಿನ ಕರುಳು ಕಟ್ಟಿಕೊಂಡು ಹೊಟ್ಟೆ ಕುಯ್ಯಬೇಕಾಗುತ್ತದೆ ಎಂದು ಬಿಡಿಸಿ ಹೇಳಿದರು.

“ನಿನ್ನೆ ರಾತ್ರಿ ಏನು ಊಟ?”

“ಮುದ್ದೆ, ಸೊಪ್ಪಿನ ಬಸ್ಸಾರು, ಪಲ್ಯ, ಮೊಟ್ಟೆ.”

“ಅದು ಮಾಡಿದ ಅಡುಗೆ. ನೀವು ತಿಂದಿದ್ದು?”

ಮುನಿಲಕ್ಷ್ಮಿ ಯೋಚಿಸಿದಳು. ಯಾರೂ ಕೇಳಿರದ ಪ್ರಶ್ನೆ. “ಮುದ್ದೆ. ಆಮೇಲೆ ಸಾರಿನ ಪಾತ್ರೆಗೆ ನೀರು ಹಾಕಿ ತೊಳಸ್ಕೊಂಡು...”

ಡಾಕ್ಟರು ಪೆನ್ನು ಕೆಳಗಿಟ್ಟರು. ಸೊಪ್ಪು, ಮೊಟ್ಟೆ, ಲಿವರ್ ಚೆನ್ನಾಗಿ ತಿನ್ನಬೇಕು, ಮಾತ್ರೆ ತಪ್ಪಿಸಬಾರದು, ಆ ಗೋಡೆಯ ಹತ್ತಿರ ಹೋಗಬಾರದು ಎಂದರು. ಹೇಳಿದ್ದು ಇಷ್ಟೇ. ಆಟೋ ಮನೆಗೆ ಬರುವಷ್ಟರಲ್ಲಿ ಅದು ಸಾಕಷ್ಟು ಬೆಳೆದಿತ್ತು.

“ಡಾಕ್ಟ್ರಮ್ಮ ಹೇಳಿದ್ದಾರೆ” ಎಂದು ಮುನಿಲಕ್ಷ್ಮಿ ಹಾಸಿಗೆಯ ಮೇಲೆ ಕೂತು ಶುರು ಮಾಡಿದಳು. “ನಾನು ಮೊದಲು ಊಟ ಮಾಡ್ಬೇಕಂತೆ. ಬಿಸೀದು. ಕೂತ್ಕೊಂಡು.”

“ಗಂಡಸರಿಗಿಂತ ಮೊದಲಾ?” ಎಂದಳು ಮುನಿಗಂಗಮ್ಮ. “ಅಯ್ಯೋ ನಾ ತಲ್ಲಿ, ನನ್ನ ತಾಯಿ! ನಾವೆಲ್ಲ ಕೊನೇಲಿ ತಿಂದು ಬದುಕಿಲ್ವೇನೇ?”

“ಗೋಡೆಗೆ ಗಾರೆ ಹಾಕ್ಸಿಬಿಡ್ತೀನಿ, ಮುಗೀತಲ್ಲ” ಎಂದ ಕದಿರೇಶ. ಅವನಿಗೆ ಅದೇ ಸುಲಭದ ಮದ್ದಾಗಿ ಕಂಡಿತು.

“ಹಾಕ್ಸಿ. ಸಿಮೆಂಟ್ ತಿಂತೀನಿ. ಸಿಮೆಂಟ್ ಹೊಟ್ಟೇಲಿ ಗಟ್ಟಿಯಾದ್ರೆ ಏನಾಗುತ್ತೆ ಅಂತ ನೀವೇ ಡಾಕ್ಟ್ರನ್ನ ಕೇಳಿ.”

ಗಾರೆಯ ಮಾತು ಅಲ್ಲಿಗೆ ನಿಂತಿತು.

“ಆ ಗೋಡೆ ಹತ್ರ ಹೋಗಬಾರದಂತೆ” ಎಂದಳು ಮತ್ತೆ. ಗೋಡೆಯ ಹತ್ತಿರ ಹೋಗಬಾರದು ಎಂದರೆ ಪಾತ್ರೆ ತೊಳೆಯಬಾರದು ಎಂದೇ ಅರ್ಥ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಧನಶ್ರೀ ತೊಳೀಲಿ” ಎಂದಳು ಮುನಿಗಂಗಮ್ಮ.

“ಬೇಡ ಅತ್ತೆ. ಈ ಚಟ ಹೆಣ್ಣುಮಕ್ಕಳಿಗೆ ಬೇಗ ಅಂಟುತ್ತಂತೆ. ನಾಳೆ ಮದುವೆ ಆಗೋ ಹುಡುಗಿ. ಗಂಡಸರಿಗಾದ್ರೆ ಅಂಟೋದಿಲ್ವಂತೆ.”

ಧನಶ್ರೀ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡಳು. ಅವಳ ಭುಜ ಮಾತ್ರ ಕುಲುಕುತ್ತಿತ್ತು.

ಹೀಗೆ ಕದಿರೇಶ ಪಾತ್ರೆ ತೊಳೆಯುವ ಕಲ್ಲಿನ ಮುಂದೆ ಕೂತ. ಮೊದಲ ದಿನ ಕುಕ್ಕರಿನ ಒಳಗಿನ ಅನ್ನ ಕೆರೆಯಲು ಟ್ರ್ಯಾಕ್ಟರಿನ ಸ್ಪ್ಯಾನರ್ ಹುಡುಕಿದ. ಒಂದು ಹೊತ್ತಿನ ಊಟಕ್ಕೆ ಇಷ್ಟೊಂದು ಪಾತ್ರೆ ಯಾಕೆ ಎಂದು ಕೂಗಾಡಿದ. ಮರುದಿನದಿಂದ ತನ್ನ ಲೋಟ ತಾನೇ ತೊಳೆದು ಅದರಲ್ಲೇ ಮತ್ತೆ ಕುಡಿಯತೊಡಗಿದ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಡೆಯಲಾರದೆ ಕೇಳಿಯೇಬಿಟ್ಟ. “ಮೇಡಂ, ಈ ಚಟ ಗಂಡಸರಿಗೆ ಅಂಟೋದಿಲ್ಲ ಅಂದ್ರಂತೆ, ನಿಜವಾ?”

ಡಾಕ್ಟರು ಮುನಿಲಕ್ಷ್ಮಿಯ ಕಡೆ ನೋಡಿದರು. ಅವಳು ತೂಕದ ಮಿಷನ್ನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಡಾಕ್ಟರ ಕಣ್ಣು ಕದಿರೇಶನ ಸೋಪಿಗೆ ಬಿರಿದ ಬೆರಳುಗಳ ಮೇಲೆ ಬಿತ್ತು.

“ಇದುವರೆಗೆ ನಿಮಗೆ ಅಂಟಿದೆಯಾ?”

“ಇಲ್ಲ ಮೇಡಂ.”

“ಮತ್ತೆ?”

ಭಾನುವಾರ ಆ ಮನೆಯಲ್ಲಿ ಮಟನ್. ಸಾರಿನಲ್ಲಿ ಲಿವರ್ ಚೂರು ಎಲ್ಲಿ ಮುಳುಗಿದ್ದರೂ ಮುನಿಗಂಗಮ್ಮನ ಸೌಟು ಅದನ್ನು ಹುಡುಕಿ ತೆಗೆದು ಮಗನ ತಟ್ಟೆಗೆ ಹಾಕುವುದು ಪದ್ಧತಿ. ಈಗ ಮೊದಲ ತಟ್ಟೆ ಮುನಿಲಕ್ಷ್ಮಿಯದು. ಅತ್ತೆಯ ಸೌಟು ಅಭ್ಯಾಸ ಬಲದಿಂದ ಮಗನ ಕಡೆ ತಿರುಗಿ, ಅಲ್ಲಿ ತಟ್ಟೆಯಿಲ್ಲದೆ ಗಾಳಿಯಲ್ಲಿ ನಿಂತು, ಒಲ್ಲದ ಮನಸ್ಸಿನಿಂದ ಸೊಸೆಯ ಕಡೆ ಬಂತು. ಬಿಸಿ ಮುದ್ದೆಯ ಜೊತೆ ಲಿವರ್ ಬಾಯಲ್ಲಿ ಕರಗಿದಾಗ ಮುನಿಲಕ್ಷ್ಮಿಗೆ ಅಳು ಬರುವಂತಾಯಿತು. ಇಷ್ಟು ವರ್ಷ ಅದನ್ನು ಬೇಯಿಸಿದ್ದಳು, ಉಪ್ಪು ನೋಡಿದ್ದು ಸಾರಿನದು ಮಾತ್ರ.

ಚಟ ಬಿಡುವುದು ಹಾಗೆಂದು ಸುಲಭವಾಗಿರಲಿಲ್ಲ. ಸೆರಗಿನ ಗಂಟಲ್ಲಿ ಹುರಿಗಡಲೆ ಕಟ್ಟಿಕೊಂಡು ಓಡಾಡಿದಳು. ಗಂಡನ ಅಂಗಿ ಒಗೆಯುವಾಗ ಉಸಿರು ಬಿಗಿಹಿಡಿದಳು. ಕೊನೆಗೆ ಅಂಗಿಯೂ ಅವನ ಪಾಲಿಗೇ ಹೋಯಿತು. ಮಾತ್ರೆ, ಸೊಪ್ಪು, ಲಿವರ್ ಮೈಗೆ ಹತ್ತಿ ಒಂದು ದಿನ ಇಟ್ಟಿಗೆಯ ಪುಡಿ ಬರೀ ಪುಡಿಯಾಗಿ ಕಂಡಿತು. ಕಣ್ಣಿಗೆ ಕತ್ತಲೆ ಬರುವುದು, ಹೊಟ್ಟೆನೋವು ನಿಂತವು.

ಅಷ್ಟರಲ್ಲಿ ಒಂದು ಶನಿವಾರ ಕದಿರೇಶ ಹಿತ್ತಲಿನಿಂದ ತಿಕ್ಕುವ ಕತ್ತ ಹಿಡಿದುಕೊಂಡೇ ಒಳಗೆ ನುಗ್ಗಿದ.

“ಲೇ, ನೀನು ಬಿಟ್ಟಿಲ್ಲ! ಗುಳಿ ದೊಡ್ಡದಾಗೈತೆ. ಹೊಸದಾಗಿ ಕೆರೆದಿರೋದು ಕೆಂಪಗೆ ಕಾಣ್ತಾ ಐತೆ!”

“ನಾನು ಮುಟ್ಟಿಲ್ಲ.”

“ನಾವೆಲ್ಲ ಕಾದು ಕೂತು ನಿನಗೆ ಮೊದಲು ಹಾಕ್ತಾ ಇದ್ರೆ, ನೀನು ಹಿಂದೆ ಹೋಗಿ ಗೋಡೆ ತಿಂತೀಯಾ? ನಾಳೆಯಿಂದ ಎಲ್ಲ ಮೊದಲಿನ ಹಂಗೇ. ಗಾರೆಯವನನ್ನೂ ಕರೆಸ್ತೀನಿ.”

ಆಣೆ ಇಟ್ಟರೂ ನಂಬಲಿಲ್ಲ. ಆಣೆಯ ವಿಷಯದಲ್ಲಿ ಅವಳ ಚರಿತ್ರೆಯೂ ಅಷ್ಟು ಚೆನ್ನಾಗಿರಲಿಲ್ಲ. ಮುನಿಲಕ್ಷ್ಮಿ ಲೆಕ್ಕ ಹಾಕಿದಳು. ಮೊದಲ ತಟ್ಟೆ ಹೋದರೆ ರಕ್ತ ಹೋಗುತ್ತದೆ, ರಕ್ತ ಹೋದರೆ ನಾಲಿಗೆ ಮತ್ತೆ ಗೋಡೆ ಕೇಳುತ್ತದೆ, ಕೊನೆಗೆ ಹೊಟ್ಟೆ ಕುಯ್ಯುವ ಮೇಜು.

ಅಂದು ಸಂಜೆ ಆ ವರ್ಷದ ಮೊದಲ ಮಳೆ ಬಂತು. ನೆಲ, ಗೋಡೆ, ಗೂಡು ಎಲ್ಲ ಒಟ್ಟಿಗೆ ಉಸಿರು ಬಿಟ್ಟವು. ಆ ವಾಸನೆಗೆ ಅವಳ ಕಾಲು ತಾನಾಗಿ ಹಿತ್ತಲ ಬಾಗಿಲಿಗೆ ಹೋಯಿತು. ಚಿಲಕಕ್ಕೆ ಕೈಯಿಟ್ಟು, ಸೆರಗಿನ ಹುರಿಗಡಲೆ ಬಾಯಿಗೆ ಹಾಕಿಕೊಂಡು ಜಗಿದಳು. ಜಗಿಯುತ್ತಲೇ ಬಾಗಿಲು ತೆರೆದಳು.

ಕಲ್ಲಿನ ಮೇಲೆ ಮುನಿಗಂಗಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಚಮಚ, ತುಟಿಯ ಮೇಲೆ ಕೆಂಪು ಪುಡಿ, ಕಣ್ಣು ಮುಚ್ಚಿತ್ತು.

“ಅತ್ತೆ?”

ಮುನಿಗಂಗಮ್ಮ ಬೆಚ್ಚಿಬಿದ್ದು ಚಮಚವನ್ನು ಸೀರೆಯ ಮಡಿಲಿಗೆ ಸರಿಸಿದಳು. “ಇಲಿ ಬಂದೈತಾ ಅಂತ ನೋಡ್ತಿದ್ದೆ ಕಣೇ.”

“ಬಂದೈತೆ ಅತ್ತೆ. ತುಟಿ ಒರೆಸ್ಕೊಳ್ಳಿ.”

ಮುದುಕಿ ಸೆರಗಿನಿಂದ ತುಟಿ ಒರೆಸಿಕೊಂಡಳು. “ಇವನು ಹೊಟ್ಟೇಲಿದ್ದಾಗ ಒಲೆ ಮಣ್ಣು ತಿಂತಿದ್ದೆ. ಆಮೇಲೆ ಬಿಟ್ಟಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ನೀನು ಈ ಗೋಡೆ ರುಚಿ ಅಷ್ಟು ವರ್ಣನೆ ಮಾಡ್ದೆ ನೋಡು...” ಎಂದು ಗದರಿಸುವ ದನಿಯಲ್ಲಿ ಶುರು ಮಾಡಿದವಳು ಅರ್ಧಕ್ಕೆ ನಿಲ್ಲಿಸಿದಳು. “ಅವನಿಗೆ ಹೇಳ್ತೀಯಾ?”

ಮುನಿಲಕ್ಷ್ಮಿ ಅತ್ತೆಯ ಪಕ್ಕ ಕೂತು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಥೇಟ್ ಡಾಕ್ಟರ ಹಾಗೆ. ಒಳಗೆ ಬೆಳ್ಳಗಿತ್ತು. “ಅತ್ತೆ, ಹೋದ ಭಾನುವಾರ ನೀವು ಏನು ತಿಂದ್ರಿ?”

ಮುನಿಗಂಗಮ್ಮನೂ ಯೋಚಿಸಬೇಕಾಯಿತು. ಎಲ್ಲರಿಗೂ ಬಡಿಸಿ ಉಳಿದಿದ್ದನ್ನು ತಿನ್ನುವವಳು ಈಗ ಅವಳೇ.

“ಹೇಳಲೇಬೇಕು, ಇಲ್ಲಾಂದ್ರೆ ಇಬ್ಬರೂ ಸಾಯ್ತೀವಿ. ಸೋಮವಾರ ಆಸ್ಪತ್ರೆಗೆ ಹೋಗೋಣ. ನಾಳೆ ನನ್ನ ಪಕ್ಕ ತಟ್ಟೆ ಇಟ್ಕೊಂಡು ಕೂತ್ಕೊಳ್ಳಿ. ಅತ್ತೆಯಂದಿರೂ ಮೊದಲೇ ತಿನ್ಬೇಕಂತೆ, ಡಾಕ್ಟ್ರಮ್ಮ ಹೇಳಿದ್ದಾರೆ.”

“ಯಾವಾಗ ಹೇಳಿದ್ರು?” ಎಂದಳು ಮುನಿಗಂಗಮ್ಮ ಅನುಮಾನದಿಂದ. ಆಮೇಲೆ ಸೊಸೆಯ ಮುಖ ನೋಡಿ ಎಲ್ಲ ಅರ್ಥವಾಗಿ, ಬೊಚ್ಚುಬಾಯಿ ತುಂಬ ನಕ್ಕಳು. “ಹೌದಾ? ಲಿವರ್ ಎಷ್ಟು ಚೂರು ಅಂತ ಹೇಳಿದ್ದಾರೆ?”

ಭಾನುವಾರ ಅತ್ತೆ ಸೊಸೆ ಅಕ್ಕಪಕ್ಕ ಕೂತರು, ಅವರ ಮಗ್ಗುಲಿಗೆ ಧನಶ್ರೀಯೂ ಕೂತಳು. “ಅವಳಲ್ಲ ಕಣೋ, ನಾನು” ಎಂದು ಅಮ್ಮನೇ ಬಾಯಿಬಿಟ್ಟು ಹೇಳಿದ ಮೇಲೆ ಕದಿರೇಶ ತನ್ನ ತಟ್ಟೆ ಕೆಳಗಿಟ್ಟು ಎದ್ದ. ಸೌಟು ಹಿಡಿಯಲು ಉಳಿದವನು ಅವನೊಬ್ಬನೇ. ಲಿವರ್ ಹುಡುಕಲು ಅವನಿಗೆ ಬರಲಿಲ್ಲ, ಅಮ್ಮ ಕೂತಲ್ಲಿಂದಲೇ “ಎಡಗಡೆ, ತಳದಲ್ಲಿ” ಎಂದು ದಾರಿ ತೋರಿಸಿದಳು. ಕೊನೆಗೆ ಅವನು ಮುದ್ದೆ ಮುರಿಯುವಾಗ ಪಾತ್ರೆಯಲ್ಲಿ ಎರಡು ಆಲೂಗಡ್ಡೆ, ಒಂದು ಮೂಳೆ, ಸ್ವಲ್ಪ ಸಾರು ಇದ್ದವು.

ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುತ್ತ ಹಜಾರದಲ್ಲಿ ಕೂತಿದ್ದರು. ಹಿತ್ತಲಿನಲ್ಲಿ ಪಾತ್ರೆಗಳ ಸದ್ದು ಬಹಳ ಹೊತ್ತು ಬಂತು. ಆಮೇಲೆ ಗೋಡೆಗೆ ನೀರು ಬಿದ್ದು ಸುರ್ ಎಂದ ಸದ್ದು. ಮತ್ತೆ ಏನೂ ಇಲ್ಲ.

“ಲೇ ಲಕ್ಷ್ಮಿ,” ಕದಿರೇಶನ ದನಿ ಅಲ್ಲಿಂದಲೇ ಕೇಳಿತು, “ಗಂಡಸರಿಗೆ ಅಂಟೋದಿಲ್ಲ ಅಂದಿದ್ದು ನಿಜ ತಾನೆ?”