ಸಪ್ರೇಮ ಭೇಟ

ಮೊಮ್ಮಕ್ಕಳೇ, ಮೊನ್ನೆ ನೀವಿಬ್ಬರೂ ಪ್ರೀತಿಯಿಂದ ತಂದುಕೊಟ್ಟ ಮೊಣಕಾಲು ನೋವಿನ ಎಣ್ಣೆಯ ಸೀಸೆಯನ್ನು ನಿನ್ನೆ ರಾತ್ರಿ ತೆರೆದೆ. ಕರ್ಪೂರದ ಘಾಟು ಮೂಗಿಗೆ ಬಡಿದದ್ದೇ ತಡ, ಪುಣೆಯ ಬಿಬವೇವಾಡಿಯ ನಮ್ಮ ಹಳೆಯ ಕಟ್ಟಡದ ಮೆಟ್ಟಿಲುಗಳು ಕಣ್ಣೆದುರು ನಿಂತವು. ಎಣ್ಣೆ ಹಚ್ಚುವುದು ಬಿಟ್ಟು ಬರೆಯಲು ಕೂತೆ. ಮಂದಿಯೆದುರು ಬಾಯಿ ತೆರೆಯಲು ನಾಚುವವಳು ನಾನು. ಕಾಗದದ ಮೇಲೆ ಮಾತ್ರ ಸ್ವಲ್ಪ ಜೋರು.

ಅದು ತೊಂಬತ್ತರ ದಶಕ. ನಿಮ್ಮ ಅಜ್ಜ ಆ ಕಟ್ಟಡದ ಸೊಸೈಟಿಯ ಸೆಕ್ರೆಟರಿ. ಅವರಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬರಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಗಣರಾಜ್ಯೋತ್ಸವದ ದಿನ ಧ್ವಜದ ಕೆಳಗೆ ನಿಂತು ಮರಾಠಿಯಲ್ಲಿ ಭಾಷಣ ಮಾಡಿ, ಮನೆಗೆ ಬಂದು ನನ್ನೊಬ್ಬಳಿಗಾಗಿ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಮಾಡುತ್ತಿದ್ದರು: "ಪ್ರೇಮ ಒಂದಿದ್ರ ಸಾಕು ನೋಡು, ಸಮಾನತೆ ತಾನ ಬರ್ತದ." ಬರಲಿ ಎಂದು ನಾನೂ ಕಾದೆ. ಬಹುಶಃ ಅದು ಮೆಟ್ಟಿಲು ಹತ್ತಿ ಬರುತ್ತಿತ್ತು. ಏಕೆಂದರೆ ನಮ್ಮ ಲಿಫ್ಟಿನ ಬಾಗಿಲಿಗೆ "ಕೆಲಸದವರಿಗೆ ಅಲ್ಲ" ಎಂಬ ಹಲಗೆ ಇತ್ತು.

ಮನೆಯ ಪಾತ್ರೆ ಭಾಂಡೆ ತಿಕ್ಕಲು ಬರುತ್ತಿದ್ದವಳು ಯಾದಗಿರಿ ಕಡೆಯ ಶರಣಮ್ಮ. ಪುಣೆಗೆ ಬಂದ ಮೇಲೆ ಎಷ್ಟೋ ವರ್ಷ ಇಂಥವೇ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಮೊಣಕಾಲು ಸವೆಸಿಕೊಂಡಿದ್ದಳು. ನಮ್ಮದು ನಾಲ್ಕನೆಯ ಮಹಡಿ. ಒಂದು ದಿನ ಹೊಸ್ತಿಲಲ್ಲೇ ಕುಸಿದು ಕೂತು ಹೇಳಿದಳು: "ಇನ್ನ ಹತ್ತೂದು ಆಗೂದಿಲ್ರಿ ಅಕ್ಕಾ. ಕೆಲಸ ಬಿಟ್ರ ಮನಿ ನಡೆಯೂದಿಲ್ಲ."

ಸುದ್ದಿ ಹಬ್ಬಿತು. ಆಗ ಹರಿದ ಪ್ರೀತಿಯನ್ನು ನೀವು ನೋಡಬೇಕಿತ್ತು! ಎಲ್ಲರೂ ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮೂರನೆಯ ಮಹಡಿಯವರು ಹಳೆಯ ಸ್ವೆಟರ್ ಬಿಚ್ಚಿ ಮೊಣಕಾಲಿಗೆ ಉಣ್ಣೆಯ ಚೀಲ ಹೆಣೆದುಕೊಟ್ಟರು. ಇನ್ನೊಬ್ಬರು ಎಣ್ಣೆ ಕೊಟ್ಟರು. ಇದೇ ಘಾಟಿನ ಎಣ್ಣೆ. ನಿಮ್ಮ ಅಜ್ಜ ತಾವೇ ನೆಲದ ಮೇಲೆ ಮಲಗಿ ವ್ಯಾಯಾಮ ತೋರಿಸಿದರು; ಏಳಲು ಬಾರದೆ ನಾನೂ ಶರಣಮ್ಮನೂ ಹಿಡಿದು ಎಬ್ಬಿಸಿದೆವು. ಲಿಫ್ಟು ಮಾತ್ರ ಬಾಯಿ ತೆರೆದು ಕೆಳಗೆ ನಿಂತೇ ಇತ್ತು, ಯಾರ ಕಣ್ಣಿಗೂ ಬೀಳಲಿಲ್ಲ.

ಕೊನೆಗೆ ಶರಣಮ್ಮನೇ ಕೇಳಿದಳು. "ಸಾಹೇಬ್ರ, ನಾನೂ ಲಿಫ್ಟಿನ್ಯಾಗ ಬರ್ಲೇನ್ರಿ?"

"ಏ ಶರಣಮ್ಮಾ, ನೀ ನಮ್ಮ ಮಗಳಿದ್ದಂಗ. ಹಂಗೆಲ್ಲಾ ಕೇಳಬಾರದವಾ."

"ಮಗಳು ಲಿಫ್ಟಿನ್ಯಾಗ ಬರ್ತಾಳಲ್ರಿ?"

ಅಜ್ಜ ಕನ್ನಡಕ ಒರೆಸಿಕೊಂಡರು. ವಿಷಯ ಕಮಿಟಿಗೆ ಹೋಯಿತು. ಅಲ್ಲಿ ಎಲ್ಲರೂ ಶರಣಮ್ಮನ ಮೊಣಕಾಲಿಗಾಗಿ ಮರುಗಿದರು. ಹಲಗೆ ತೆಗೆದರೆ ನಾಳೆ ಎಲ್ಲರೂ ಹತ್ತುತ್ತಾರೆ ಎಂಬ ಒಂದೇ ಒಂದು ಚಿಂತೆ. ಹಾಗಾಗಿ ಸರ್ವಾನುಮತದಿಂದ ಒಂದು ತೀರ್ಮಾನವಾಯಿತು: ಎರಡನೆಯ ಮಹಡಿಯ ತಿರುವಿನಲ್ಲಿ ಶರಣಮ್ಮನಿಗೆ ದಣಿವಾರಿಸಿಕೊಳ್ಳಲು ಒಂದು ಸ್ಟೂಲು. ಕೊಟ್ಟವರು ಕಾಕೂ. ಅದರ ಮೇಲೆ ಕೆಂಪು ಬಣ್ಣದಲ್ಲಿ ಅವರ ಹೆಸರು, ಕೆಳಗೆ ಮರಾಠಿಯಲ್ಲಿ "ಸಪ್ರೇಮ ಭೇಟ".

ನನ್ನದು ಹಳ್ಳಿ ಶಾಲೆಯ ಓದು. ಅಕ್ಷರ ಕೂಡಿಸಿ ಓದಿದೆ. ಪ್ರೀತಿಯಿಂದ ಭೆಟ್ಟಿಯಾಗುವುದು ಎಂದು ತಿಳಿದುಕೊಂಡೆ. ಈ ಸ್ಟೂಲಿನ ಹತ್ತಿರ ಯಾರು ಯಾರನ್ನು ಭೆಟ್ಟಿಯಾಗುತ್ತಾರೆ ಎಂದು ಅಜ್ಜನನ್ನು ಕೇಳಿದೆ. ಅವರು ನಕ್ಕು, "ಹುಚ್ಚಿ, ಭೇಟ ಅಂದ್ರ ಕಾಣಿಕಿ" ಎಂದರು. ಶರಣಮ್ಮ ಸ್ಟೂಲನ್ನು ಸುತ್ತಲೂ ನೋಡಿ ಕೇಳಿದ್ದು ಒಂದೇ ಮಾತು: "ಕೂತ್ರ ಇದು ಮ್ಯಾಲ ಹೋಗ್ತದೇನ್ರಿ ಅಕ್ಕಾ?"

ಅದು ಹೋಗಲಿಲ್ಲ. ಗಣಪತಿ ಹಬ್ಬ ಬಂತು. ಮನೆತುಂಬ ಬೀಗರು, ಬಚ್ಚಲುತುಂಬ ಭಾಂಡೆ. ಅಂದು ಶರಣಮ್ಮ ಆ ಸ್ಟೂಲನ್ನು ಕೆಳಗೆ ತರಿಸಿ ಲಿಫ್ಟಿನ ಎದುರಿಗೆ ಹಾಕಿ ಕೂತಳು. ಉಳಿದ ಮನೆಗಳ ಕೆಲಸದ ಹೆಂಗಸರೂ ಅವಳ ಸುತ್ತ ಕೂತರು. "ಭಾಂಡೆ ಕೆಳಗ ತರ್ರಿ, ತಿಕ್ಕಿ ಕೊಡ್ತೀವಿ. ಭಾಂಡೇಕ ಲಿಫ್ಟು ನಡೀತದಲ್ಲ?"

ನಡೆಯಿತು. ಎಂಜಲು ಪಾತ್ರೆಗಳು ಮಹಾರಾಣಿಯರ ಹಾಗೆ ಲಿಫ್ಟಿನಲ್ಲಿ ಇಳಿದವು, ಹತ್ತಿದವು. ಬೇಳೆಸಾರಿನ ಎಂಜಲು ಪಾತ್ರೆ ಹಿಡಿದ ಸೆಕ್ರೆಟರಿಯವರು ಪಾಳಿಯಲ್ಲಿ ನಿಂತರು. ಸಾರು ಹೊಸ ಧೋತರದ ಮೇಲೆ ಚೆಲ್ಲಿತು. ಬೀಗರು ನಕ್ಕರು. ಹಬ್ಬ ಮುಗಿಯುವ ಮೊದಲೇ ಹಲಗೆ ಕಾಣೆಯಾಯಿತು. "ನೋಡಿದಿ? ಕಡೀಕ ಪ್ರೇಮನ ಗೆದ್ದಿತು," ಎಂದರು ನಿಮ್ಮ ಅಜ್ಜ. ನಾನು ಧೋತರ ನೆನೆಹಾಕುತ್ತಿದ್ದೆ.

ಶರಣಮ್ಮನ ಕೆಲಸ ಉಳಿಯಿತು. ಕಾಕೂ ಮಾತ್ರ, ಅವಳು ಲಿಫ್ಟಿನಲ್ಲಿದ್ದರೆ, ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದು ಮೆಟ್ಟಿಲು ಹತ್ತುತ್ತಿದ್ದರು. ಸ್ಟೂಲು ಮತ್ತೆ ಎರಡನೆಯ ಮಹಡಿಗೆ ಬಂದಿತ್ತು. ಕಾಕೂ ತಮ್ಮ ಹೆಸರಿನ ಮೇಲೆ ತಾವೇ ಕೂತು ಏದುಸಿರು ಬಿಡುತ್ತಿದ್ದರು.

ಈಗ ನಿಮ್ಮ ಹೊಸ ಸೊಸೈಟಿಗೆ ಬಂದಿದ್ದೇನೆ. ಇಲ್ಲಿ ಲಿಫ್ಟು ಎರಡು. ಕನ್ನಡಿ ಇರುವುದು ನಮಗೆ. ಹಿಂದುಗಡೆ ಕಸದ ಡಬ್ಬಿಯ ಪಕ್ಕದ್ದು ಉಳಿದವರಿಗೆ. "ಅಜ್ಜಿ, ನಾವು ಯಾರಿಗೂ ಭೇದ ಮಾಡೂದಿಲ್ಲ" ಎನ್ನುತ್ತೀರಿ. ಅಡುಗೆಯವಳನ್ನು 'ತಾಯಿ' ಎಂದು ಕರೆಯುತ್ತೀರಿ; ಮರಾಠಿಯಲ್ಲಿ ಹಾಗೆಂದರೆ ಅಕ್ಕ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ ಮಕ್ಕಳೇ. ನಿಮ್ಮ ಅಜ್ಜನ ರಕ್ತ.

ಇವತ್ತು ಬೆಳಿಗ್ಗೆ ಎಣ್ಣೆ ಸೀಸೆ ಮುಚ್ಚಿಟ್ಟು, ಹಿಂದಿನ ಲಿಫ್ಟಿನಲ್ಲಿ ಇಳಿದೆ. ಒಳಗಿದ್ದ ಹೆಂಗಸು ಸರಿದು ಜಾಗ ಕೊಟ್ಟು ಮರಾಠಿಯಲ್ಲಿ ಕೇಳಿದಳು: "ಯಾವ ಮನೆಯ ಕೆಲಸ ಆಜಿ, ನಿಮ್ಮದು?"

ನಿಮ್ಮ ಮನೆಯ ನಂಬರು ಹೇಳಿದೆ. "ಒಳ್ಳೆಯ ಮಂದಿ," ಎಂದಳು ಅವಳು, "ಭಾಳ ಪ್ರೀತಿ ಮಾಡುತ್ತಾರಂತೆ." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಕನ್ನಡಿಯಿಲ್ಲದ ಆ ಡಬ್ಬಿಯಲ್ಲಿ, 'ಭೇಟ'ಕ್ಕೆ ಹಳ್ಳಿ ಶಾಲೆಯ ನನ್ನ ಅರ್ಥವೇ ಸರಿ ಎನಿಸಿತು.

ನಾಳೆಯೂ ಅದರಲ್ಲೇ ಇಳಿಯುತ್ತೇನೆ. ನಾನು ಜೊತೆಗೆ ಬೇಕಾದರೆ ನೀವೂ ಅಲ್ಲಿಗೇ ಬನ್ನಿ.