ಡ್ರೈವರಣ್ಣನ ಸರದಿ

ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಅಚ್ಚಿನ ಕರಡು ತಿದ್ದಿದ್ದಕ್ಕೆ ಅವಳಿಗೆ ಉಳಿದ ಹೆಸರು ಪ್ರೂಫಕ್ಕ. ರೈಲಿನ ವೇಳಾಪಟ್ಟಿ, ಔಷಧಿ ಡಬ್ಬಿಯ ಚೀಟಿ, ಶಾಲೆಯ ವ್ಯಾಕರಣ, ಯಾವುದು ಬಂದರೂ ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು ಅಕ್ಷರ ಅಕ್ಷರವಾಗಿ ಓದುವಳು. ಓದುವಾಗ ಎಡಗೈ ಬೆರಳುಗಳು ಮೇಜಿನ ಮೇಲೆ ತಮ್ಮ ಪಾಡಿಗೆ ತಾವು ಆಡುತ್ತಿದ್ದವು. ಚಿಕ್ಕಂದಿನಲ್ಲಿ ಸೋದರತ್ತೆ ಕಲಿಸಿದ ಪಿಯಾನೊ ಅದು. ಅತ್ತೆ ತೀರಿಕೊಂಡು ವಾದ್ಯ ಯಾರದೋ ಪಾಲಾದ ಮೇಲೆ ಬೆರಳುಗಳಲ್ಲಷ್ಟೇ ಉಳಿದಿತ್ತು. ದಿನವೂ ಅಂಚೆ ತರುತ್ತಿದ್ದ ಪೋಸ್ಟಣ್ಣ ಒಂದು ದಿನ ಬಾಗಿಲಲ್ಲೇ ನಿಂತು ಆ ಬೆರಳುಗಳನ್ನು ನೋಡಿದ. ಭಾನುವಾರ ಮಧ್ಯಾಹ್ನ ಏನು ಮಾಡುತ್ತೀರಿ ಅಕ್ಕ ಎಂದು ಕೇಳಿದ. ಏನೂ ಇಲ್ಲ ಎಂದಳು. ನಿಜವೂ ಅದೇ ಆಗಿತ್ತು.

ಬಸ್ ನೌಕರರ ಸಂಘದ ಕಟ್ಟಡದ ಮಹಡಿ ಮೇಲೆ ಒಂದು ದೊಡ್ಡ ಹಾಲ್. ಮಡಚುವ ಕುರ್ಚಿಗಳು, ಗೋಡೆಗೆ ಒರಗಿಸಿದ ಕೇರಂ ಬೋರ್ಡು, ಮುಚ್ಚಿಹೋದ ಶಾಲೆಯೊಂದರಿಂದ ಬಂದ ಹಳೇ ಪಿಯಾನೊ. ಅಲ್ಲಿ ನಾಲ್ಕು ಜನ ಗಂಡಸರು ಜಾಝ್ ನುಡಿಸುತ್ತಿದ್ದರು. ಪೋಸ್ಟಣ್ಣನದು ಟ್ರಂಪೆಟ್, ಹಲ್ಲಿನ ಡಾಕ್ಟರದು ಸ್ಯಾಕ್ಸೊಫೋನ್. ಬಡಗಿ ತನ್ನಷ್ಟೇ ಎತ್ತರದ ಬೇಸ್ ಪಿಟೀಲನ್ನು ಅಪ್ಪಿಕೊಂಡು ನಿಲ್ಲುತ್ತಿದ್ದ. ಸಿಟಿ ಬಸ್ಸು ಓಡಿಸುತ್ತಿದ್ದ ಡ್ರೈವರಣ್ಣನದು ಡ್ರಮ್ಸು. ಮೊದಲು ಎಲ್ಲರೂ ಕೂಡಿ ರಾಗವನ್ನು ನುಡಿಸುವುದು, ಆಮೇಲೆ ಒಬ್ಬೊಬ್ಬರೂ ಸರದಿಯ ಮೇಲೆ ಒಂದು ಸುತ್ತು ತಮಗೆ ತೋಚಿದ ಹಾಗೆ ಅಲೆದಾಡಿ ಬರುವುದು, ಕೊನೆಗೆ ಮತ್ತೆ ಕೂಡುವುದು. ಮೊದಲ ದಿನ ಅವಳ ಸರದಿ ಬಂದಾಗ ಅತ್ತೆ ಕಲಿಸಿದ್ದನ್ನು ಒಂದು ಸ್ವರವೂ ತಪ್ಪದಂತೆ ಒಪ್ಪಿಸಿದಳು. ಹಲ್ಲಿನ ಡಾಕ್ಟರು ನಕ್ಕು, ಇಲ್ಲಿ ಸ್ವಲ್ಪ ತಪ್ಪು ಬಿಡಬಹುದಮ್ಮ ಎಂದರು. ಅಷ್ಟು ಧೈರ್ಯ ಬರುವುದಕ್ಕೆ ಅವಳಿಗೆ ಎರಡು ವರ್ಷ ಹಿಡಿಯಿತು.

ಇಪ್ಪತ್ತಾರು ವರ್ಷ ಭಾನುವಾರ ತಪ್ಪಲಿಲ್ಲ. ಮದುವೆಯಾಗದೆ ಉಳಿದವಳು, ಊರಾಚೆಗಿದ್ದ ತಮ್ಮನೊಬ್ಬ ಫೋನಿನಲ್ಲಿ ಸಿಗುತ್ತಿದ್ದ. ವಾರಪೂರ್ತಿ ಕಾಗದದೊಂದಿಗೆ ಮಾತು, ಭಾನುವಾರ ಮಾತ್ರ ಮನುಷ್ಯರೊಂದಿಗೆ.

ಮೊದಲು ಹೋದವರು ಹಲ್ಲಿನ ಡಾಕ್ಟರು. ಅವರ ನೆನಪಿಗೆ ಸೇರಿದ ಮಧ್ಯಾಹ್ನ, ಅವರ ಸರದಿ ಬಂದಾಗ ಯಾರೂ ನುಡಿಸಲಿಲ್ಲ. ಪೋಸ್ಟಣ್ಣ ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತುಬಿಟ್ಟ. ಡ್ರೈವರಣ್ಣ ಮಾತ್ರ ತಂತಿಯ ಬ್ರಷ್ಷಿನಿಂದ ಡ್ರಮ್ಮನ್ನು ಸವರುತ್ತ ತಾಳ ಬಿಡದೆ ಆ ಸುತ್ತನ್ನು ದಾಟಿಸಿದ. ಅಂದಿನಿಂದ ಅದೇ ಪದ್ಧತಿಯಾಯಿತು. ವರ್ಷಕ್ಕೊಮ್ಮೆ ಹೋದವರ ಹೆಸರು ಓದುವುದು, ಆ ಒಂದು ರಾಗ ನುಡಿಸುವುದು, ಹೋದವರ ಸರದಿಯನ್ನು ಖಾಲಿ ಬಿಡುವುದು. ಬಡಗಿ ಹೋದ, ಖಾಲಿ ಸುತ್ತು ಎರಡಾಯಿತು. ಪೋಸ್ಟಣ್ಣ ಹೋದ, ಮೂರಾಯಿತು. ಉಳಿದವರು ಇಬ್ಬರೇ. ಅವಳು ನುಡಿಸಿ ನಿಲ್ಲಿಸುವಳು, ಡ್ರೈವರಣ್ಣನ ಬ್ರಷ್ಷು ಸುಯ್ ಸುಯ್ ಎಂದು ಮೂವರನ್ನೂ ಒಬ್ಬೊಬ್ಬರಾಗಿ ದಾಟಿಸುವುದು.

ಆ ವರ್ಷ, ನೆನಪಿನ ದಿನಕ್ಕೆ ಐದು ವಾರ ಇರುವಾಗ ಡ್ರೈವರಣ್ಣನೂ ಹೋದ. ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮೇಲೇಳಲಿಲ್ಲವಂತೆ.

ಈ ಸಲ ಬೇಡ ಎಂದು ಪ್ರೂಫಕ್ಕ ಎರಡು ಸಲ ತೀರ್ಮಾನಿಸಿದಳು, ಎರಡು ಸಲ ಬದಲಾಯಿಸಿದಳು. ತಾಳಕ್ಕೆ ಮೊಬೈಲಿನಲ್ಲಿ ಏನೋ ಸಿಗುತ್ತದೆ, ಹಾಕಿಕೊಂಡರಾಯಿತು ಎಂದು ಅವಳ ತಮ್ಮ ಸಲಹೆ ಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳು ಹೂಂ ಎಂದು ಅದನ್ನು ಕಿವಿಗೆ ಹಾಕಿಕೊಳ್ಳದೆ ಬಿಟ್ಟಳು.

ಅಂದು ಬಂದವರು ಹನ್ನೊಂದು ಜನ. ಅದರಲ್ಲಿ ಒಬ್ಬ ಕಟ್ಟಡದ ಕಾವಲುಗಾರ, ಇಬ್ಬರು ಕೇರಂ ಆಡಲು ಬಂದು ಸಿಕ್ಕಿಹಾಕಿಕೊಂಡವರು. ಕಡೇ ಸಾಲಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಡ್ರೈವರಣ್ಣನ ಹೆಂಡತಿ ಕೂತಿದ್ದಳು. ಅಷ್ಟು ವರ್ಷದಲ್ಲಿ ಆಕೆ ಆ ಮೆಟ್ಟಿಲು ಹತ್ತಿದ್ದೇ ಇಲ್ಲ. ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುವವಳು. ಆಕೆಯನ್ನು ಕಂಡು ಪ್ರೂಫಕ್ಕ ಹೆಸರುಗಳ ಚೀಟಿಯನ್ನು ಇನ್ನೊಮ್ಮೆ ನೋಡಿಕೊಂಡಳು.

ನಾಲ್ಕು ಹೆಸರುಗಳನ್ನು ನಿಧಾನವಾಗಿ ಓದಿ ಪಿಯಾನೊ ಮುಂದೆ ಕೂತಳು. ರಾಗ ಮುಗಿಸಿ, ತನ್ನ ಸುತ್ತು ಮುಗಿಸಿ, ಕೈಗಳನ್ನು ಮಡಿಲಿಗಿಟ್ಟುಕೊಂಡಳು. ಡಾಕ್ಟರ ಸರದಿ. ಬ್ರಷ್ಷಿಲ್ಲದ ಆ ಮೌನ ಎಷ್ಟು ಖಾಲಿ ಎಂಬುದು ಅವಳಿಗೆ ಆಗಲೇ ತಿಳಿದದ್ದು. ಕೆಳಗೆ ಬಸ್ಸು ಹಿಂದಕ್ಕೆ ತೆಗೆಯುತ್ತಿದ್ದ ಸದ್ದು, ಯಾರದೋ ಕುರ್ಚಿಯ ಕಿರಕಿರ. ಪ್ರತಿ ಸರದಿಯ ಮೊದಲಿಗೆ ಒಂದೇ ಒಂದು ಸ್ವರ ಒತ್ತಿ, ತುಟಿಯಲ್ಲೇ ಎಣಿಸಿದಳು. ಬಡಗಿಯ ಸರದಿಯಲ್ಲಿ ಇಬ್ಬರು ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದನ್ನು ಕಂಡು ನಿಲ್ಲಿಸಿದರು. ಪೋಸ್ಟಣ್ಣನ ಸರದಿಯಲ್ಲಿ ಅವಳಿಗೆ ಎಣಿಕೆ ತಪ್ಪಿತು. ಎಲ್ಲಿದ್ದೇನೆ ಎಂದು ಹುಡುಕಿದಳು, ಸಿಗಲಿಲ್ಲ. ಅಂದಾಜಿನ ಮೇಲೆ ರಾಗಕ್ಕೆ ಮರಳಿ ಹೇಗೋ ಮುಗಿಸಿದಳು.

ಜನ ಒಂದೆರಡು ಮಾತಾಡಿ ಇಳಿದುಹೋದರು. ಕಾವಲುಗಾರ ಕುರ್ಚಿ ಮಡಚತೊಡಗಿದ. ಡ್ರೈವರಣ್ಣನ ಹೆಂಡತಿ ಎದ್ದು ಪಿಯಾನೊ ಹತ್ತಿರ ಬಂದಳು.

"ಕಾವಲುಗಾರರು ಎಲ್ಲಾ ಹೇಳಿದ್ರು, ಹೀಗೆ ಸರದಿ ಬಿಡ್ತಾರೆ ಅಂತ. ಲೆಕ್ಕ ಇಟ್ಕೊಂಡು ಕೂತಿದ್ದೆ. ಮೂರು ಬಂತು," ಎಂದಳು. "ನಮ್ಮವರದು ಬರಲಿಲ್ಲ."

ಸಾವಿರಾರು ಪುಟಗಳಲ್ಲಿ ಬಿಟ್ಟುಹೋದದ್ದನ್ನು ಹುಡುಕಿ ತೆಗೆದ ಪ್ರೂಫಕ್ಕನ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ. ಏನಾದರೊಂದು ಸಮಾಧಾನ ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದಳು.

"ಅವರಿಗೆ ಅಂತ ಬೇರೆ ಸರದಿ ಇರಲಿಲ್ಲ. ಬೇಕಾದ್ರೆ ತಗೊಳ್ಳಿ ಅಂದ್ರೆ, ನನಗ್ಯಾಕೆ ಅಂತಿದ್ರು. ಎಲ್ಲರ ಸರದೀಲೂ ಅವರು ಇರ್ತಿದ್ರು."

ಆಕೆ ಕೈಚೀಲವನ್ನು ಪಿಯಾನೊ ಮೇಲಿಟ್ಟಳು.

"ಮನೇಲೂ ಅಷ್ಟೇ. ನಾನು ಮಾತಾಡ್ತಿದ್ರೆ ಮೇಜಿನ ಮೇಲೆ ಬೆರಳು ಬಡೀತಾ ಕೂತಿರೋರು. ಕೇಳಿಸ್ಕೊಳ್ತಿಲ್ಲ ಅಂತ ಬೈತಿದ್ದೆ." ಆಮೇಲೆ, "ಹೇಗೆ ಬಾರಿಸ್ತಿದ್ರು?" ಎಂದು ಕೇಳಿದಳು.

"ಚೆನ್ನಾಗಿ ಬಾರಿಸ್ತಿದ್ರು. ರಾಗದ ಕೊನೇಲಿ ತಾಳ ಸ್ವಲ್ಪ ಓಡಿಸೋರು."

"ಬಸ್ಸು ಮಾತ್ರ ಎತ್ತಿನಗಾಡಿ ಥರ ಓಡಿಸೋರು," ಎಂದು ಆಕೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಇಬ್ಬರೂ ಕೂಡಿಯೇ ಮೆಟ್ಟಿಲಿಳಿದು ನಿಲ್ದಾಣದವರೆಗೆ ನಡೆದರು. ದಾರಿಯಲ್ಲಿ ಆಕೆಯೇ ಮಾತು ತೆಗೆದಳು. ಭಾನುವಾರ ಬಂತೆಂದರೆ ತನಗೆ ಮೈ ಉರಿಯುತ್ತಿತ್ತಂತೆ. ಇಷ್ಟು ಜನ ಗಂಡಸರ ನಡುವೆ ಒಬ್ಬಳು ಹೆಂಗಸು ಎಂದು ಮನಸ್ಸಿನಲ್ಲೇ ಏನೇನೋ ಕಟ್ಟಿಕೊಂಡಿದ್ದಳಂತೆ. ಪ್ರೂಫಕ್ಕ ಅಲ್ಲಗಳೆಯಲಿಲ್ಲ, ಆಣೆ ಪ್ರಮಾಣ ಮಾಡಲಿಲ್ಲ. ನಿಮ್ಮವರು ಮಾತಾಡುತ್ತಿದ್ದುದು ಕಡಿಮೆ, ಆಡಿದರೂ ಹೆಚ್ಚಿಗೆ ನಿಮ್ಮ ಮಂಡಿನೋವಿನ ವಿಷಯ ಎಂದಳು. ಆಕೆ ನಿಂತು ಅವಳ ಮುಖ ನೋಡಿದಳು.

"ನನ್ನ ಮಂಡಿನೋವು ನಿಮಗೆ ಗೊತ್ತಾ?"

"ಎಡಗಾಲು. ಮೆಟ್ಟಿಲು ಇಳಿಯುವಾಗ ಜಾಸ್ತಿ."

ಬಸ್ಸು ಬಂತು. ಹತ್ತುವಾಗ ಪ್ರೂಫಕ್ಕ ಮೊಣಕೈ ಹಿಡಿದು ಆಸರೆ ಕೊಟ್ಟಳು. ಆಕೆ ಬಿಡಿಸಿಕೊಳ್ಳಲಿಲ್ಲ.

ಅವರಿಬ್ಬರೂ ಗೆಳತಿಯರಾದರು ಎಂದು ಹೇಳುವ ಹಾಗಿದ್ದರೆ ಚೆನ್ನಾಗಿತ್ತು. ಹಾಗಾಗಲಿಲ್ಲ. ಎರಡು ತಿಂಗಳಲ್ಲಿ ಆಕೆ ಮನೆ ಖಾಲಿ ಮಾಡಿ ದೂರದ ಊರಿನ ತಂಗಿಯ ಹತ್ತಿರ ಹೋದಳು. ಹೋಗುವ ಮುಂಚೆ ಡ್ರಮ್ಸುಗಳನ್ನು ಆಟೋದಲ್ಲಿ ಸಂಘದ ಕಟ್ಟಡಕ್ಕೆ ಕಳಿಸಿದ್ದಳು. ಹಳೇ ಸೀರೆಗಳಲ್ಲಿ ಸುತ್ತಿ, ಒಂದು ಗೀರೂ ಬೀಳದ ಹಾಗೆ ಗಂಟು ಹಾಕಿದ್ದಳು. ಚೀಟಿ ಗೀಟಿ ಏನೂ ಇರಲಿಲ್ಲ. ಪ್ರೂಫಕ್ಕ ಒಬ್ಬಳೇ ಕೂತು ಗಂಟುಗಳನ್ನು ಬಿಚ್ಚಿ, ಸೀರೆಗಳನ್ನು ಮಡಚಿ, ಡ್ರಮ್ಸನ್ನು ಪಿಯಾನೊ ಪಕ್ಕಕ್ಕೆ ಜೋಡಿಸಿದಳು. ಅಷ್ಟು ಮಾಡುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಬಾರಿಸಲು ಅವಳಿಗೆ ಬರುತ್ತಿರಲಿಲ್ಲ, ಪ್ರಯತ್ನಿಸಲೂ ಇಲ್ಲ.

ಮರುವರ್ಷ ಬಂದವರು ಆರೇ ಜನ. ಹೆಸರುಗಳನ್ನು ಓದಿದಳು. ತಾನು ಹೋದ ಮೇಲೆ ಇದನ್ನು ಯಾರು ಓದುತ್ತಾರೆ ಎಂಬ ಯೋಚನೆ ಬಂತು. ಈ ಸಲ ಅವಳು ಯಾರ ಸುತ್ತನ್ನೂ ಖಾಲಿ ಬಿಡಲಿಲ್ಲ. ಪ್ರತಿ ಸರದಿಯಲ್ಲೂ ಎಡಗೈಯಿಂದ ಮಾತ್ರ, ರಾಗವಿಲ್ಲದೆ, ಮೆಲ್ಲಗೆ ತಾಳ ನುಡಿಸುತ್ತ ಹೋದಳು. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ತಾಳ ಸ್ವಲ್ಪ ಓಡಿತು. ಓಡಲಿ ಎಂದು ಬಿಟ್ಟಳು. ಅದು ಯಾರ ಕೈ ಎಂದು ಕೂತವರಲ್ಲಿ ಯಾರಿಗೂ ತಿಳಿಯಲಿಲ್ಲ, ಅವಳೂ ವಿವರಿಸಲಿಲ್ಲ. ಪಿಯಾನೊ ಮುಚ್ಚಿ, ಕಿಟಕಿಗಳ ಚಿಲಕ ಹಾಕಿ, ಮುಂದಿನ ವರ್ಷದ ದಿನಕ್ಕೂ ಆ ಹಾಲ್ ಬೇಕೆಂದು ಕಾವಲುಗಾರನಿಗೆ ಹೇಳಿ ಇಳಿದಳು.