ಎಪ್ಪತ್ತಕ್ಕೆ ಎಪ್ಪತ್ತು

ಆ ಡಬ್ಬಿಯನ್ನು ಒಳಜೇಬಿನಲ್ಲಿ ಇಟ್ಟುಕೊಂಡು ಹನೂರಿನಿಂದ ಕೊಳ್ಳೇಗಾಲಕ್ಕೆ ಬಂದ ದಿನ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಾನು ಕೂರಲಿಲ್ಲ. ಪಕ್ಕದವರ ಮೊಣಕೈ ತಾಗೀತು ಎಂಬ ಭಯ. ಒಳಗಿದ್ದದ್ದು ಅಮೆರಿಕದ ಬೆಳ್ಳಿ ನಾಣ್ಯ. ಹಳೆಯದೇನಲ್ಲ, ಹಿಂದಿನ ವರ್ಷವಷ್ಟೇ ಅಚ್ಚು ಹಾಕಿದ್ದು. ಅದನ್ನು ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಡಬ್ಬಿಯೊಳಗೆ ಇಟ್ಟು ಬೆಸೆದಿದ್ದರು, ಒಡೆಯದೆ ತೆಗೆಯುವಂತಿರಲಿಲ್ಲ. ಮೇಲೆ ಒಂದು ಚೀಟಿ, ಚೀಟಿಯಲ್ಲಿ ಎಪ್ಪತ್ತು ಎಂಬ ಅಂಕಿ. ಆ ದೇಶದಲ್ಲಿ ನಾಣ್ಯ ಪರೀಕ್ಷಿಸಿ ಅಂಕ ಕೊಡುವ ಕಂಪನಿಗಳೇ ಇವೆಯಂತೆ. ಎಪ್ಪತ್ತಕ್ಕಿಂತ ಮೇಲೆ ಅಂಕವಿಲ್ಲ. ಎಪ್ಪತ್ತು ಬಂತೆಂದರೆ, ಟಂಕಸಾಲೆಯಿಂದ ಹೊರಬಿದ್ದ ಮೇಲೆ ಒಂದು ಗೀರೂ ಒಂದು ಪೆಟ್ಟೂ ಬೀಳದ ನಾಣ್ಯ ಎಂದು ಅರ್ಥ.

ಡಬ್ಬಿ ನನ್ನದಲ್ಲ, ಹನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗೆಳೆಯನದು. ಅವನಿಗೂ ನನ್ನಂತೆಯೇ ನಾಣ್ಯದ ಹುಚ್ಚು. ಸಿಂಗಾಪುರದ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅವನ ಷಡ್ಡಕ ರಜೆಗೆ ಬಂದಾಗ ತಂದುಕೊಟ್ಟಿದ್ದ. ಅದಕ್ಕೆ ಬದಲು ಗೆಳೆಯ ಕೇಳಿದ್ದು ನನ್ನ ಆಲ್ಬಮ್.

"ಒಂದ್ ವಾರ ಮಡಿಕ್ಕಂಡು ನೋಡು. ಬರೋ ಭಾನುವಾರ ಆಲ್ಬಮ್ ತಕಂಡ್ ಬಾ, ಇಲ್ಲಾ ಡಬ್ಬಿ ತಕಂಡ್ ಬಾ. ಎರಡ್ನೂ ಮಡಿಕ್ಕಂಡು ಮನೇಲಿ ಕುಂತ್ಕಬ್ಯಾಡ ಕಣ್ಲಾ," ಎಂದು ನಕ್ಕಿದ್ದ. ಅದು ಎರಡು ಸಾವಿರದ ಮೂರು.

ಆಲ್ಬಮ್ಮಿನ ವಿಷಯ ಹೇಳಬೇಕು. ನಾನು ಯಳಂದೂರು ತಾಲ್ಲೂಕಿನ ಅಗರದವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಹಿಡಿದ ಕೆಲಸವನ್ನು ಮಾತ್ರ ಯಾವತ್ತೂ ಬಿಟ್ಟವನಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ಕೊಳ್ಳೇಗಾಲಕ್ಕೆ ಬಂದು, ಯಳಂದೂರು ರಸ್ತೆಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ನೀರು ಬಿಡುವ ಕೆಲಸಕ್ಕೆ ಸೇರಿದೆ. ಪಾಲಿಶ್ ಮೆಷಿನ್ನು ಕೈಗೆ ಬರಲು ಬಹಳ ವರ್ಷ ಹಿಡಿಯಿತು. ಆಲ್ಬಮ್ ಆಗಿನಿಂದ ಕೂಡಿಸಿದ್ದು. ಕಮಲದ ಹಿತ್ತಾಳೆ ಇಪ್ಪತ್ತು ಪೈಸೆ, ತೆನೆ ಇರುವ ರೂಪಾಯಿ, ಸರ್ಕಾರ ಆಗಾಗ ನೆನಪಿಗೆಂದು ಹೊರಡಿಸುತ್ತಿದ್ದ ಬಿಲ್ಲೆಗಳು. ಬಸ್ ಸ್ಟಾಂಡಿನ ಟೀ ಅಂಗಡಿಯವನ ಗಲ್ಲಾ, ಬ್ಯಾಂಕಿನ ಅಟೆಂಡರನ ಸ್ನೇಹ, ಕಂಡಕ್ಟರುಗಳ ಚೀಲ, ಎಲ್ಲೆಲ್ಲೋ ಆರಿಸಿದ್ದೆ. ಸವೆಯದ, ಗೀರಿಲ್ಲದ ನಾಣ್ಯ ಸಿಕ್ಕರೆ ಅದರ ಕೆಳಗೆ ಪೆನ್ಸಿಲಿನಲ್ಲಿ 'ಚೊಕ್ಕ' ಎಂದು ಬರೆಯುತ್ತಿದ್ದೆ.

ಅಂಥ ಆಲ್ಬಮ್ಮನ್ನು ಯಾಕೆ ಕೊಡಲು ಹೊರಟೆ? ಅದನ್ನು ತೋರಿಸಿದಾಗಲೆಲ್ಲ ಜನ, "ಸಂತೆಗೆ ಚಿಲ್ಲರೆ ಕೂಡಾಕಿದ್ದೀಯಲ್ಲಾ," ಎನ್ನುತ್ತಿದ್ದರು. ಈ ಡಬ್ಬಿಯನ್ನು ಹಾಗೆ ಅನ್ನುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಎಪ್ಪತ್ತಕ್ಕೆ ಎಪ್ಪತ್ತು ಎಂದು ಅಚ್ಚಾದದ್ದು ನಮ್ಮ ಮನೆಯಲ್ಲಿ ಅದೊಂದೇ ಆಗುತ್ತಿತ್ತು. ನನಗೆ ಅದು ಬೇಕಿತ್ತು, ಬಹಳ ಬೇಕಿತ್ತು.

ಮಂಗಳವಾರ ಬೆಳಿಗ್ಗೆ ಹಿತ್ತಿಲ ಬಾಗಿಲ ಸಂದಿಯಿಂದ ಬರುವ ಬಿಸಿಲಿಗೆ ಹಿಡಿದಾಗ ಚುಕ್ಕೆ ಕಂಡಿತು. ನಾಣ್ಯದಲ್ಲಿ ನಿಂತ ಹೆಂಗಸಿನ ಚಾಚಿದ ಕೈಯ ಕೆಳಗೆ ಚಿತ್ರವಿಲ್ಲದ ನುಣ್ಣನೆಯ ಜಾಗವಿದೆ, ಅಲ್ಲಿ ಸಾಸಿವೆಗಿಂತ ಸಣ್ಣದು. ಪ್ಲಾಸ್ಟಿಕ್ಕಿನ ಮೇಲಿನ ಗೀರು ಇರಬೇಕೆಂದು ಸಮಾಧಾನ ಮಾಡಿಕೊಂಡೆ. ಡಬ್ಬಿಯನ್ನು ಓರೆ ಮಾಡಿದೆ. ಪ್ಲಾಸ್ಟಿಕ್ಕಿನದಾದರೆ ಕೆಳಗಿನ ಚಿತ್ರದ ಮೇಲೆ ಅದು ಜಾರಿದಂತೆ ಕಾಣಬೇಕು. ಜಾರಲಿಲ್ಲ. ಹೇಗೆ ಓರೆ ಮಾಡಿದರೂ ಆ ಕೈಯ ಕೆಳಗೇ ಕೂತಿತ್ತು.

ಅಂದು ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವಾಗ ಕುಂತೂರಿನ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆ. ದಾಟಿ ಹೋಗಲು ಜಾಗವಿದ್ದರೂ ದಾಟಲಿಲ್ಲ. ತಲೆಯೊಳಗೆ ಒಂದೇ ವಾದ. ಚುಕ್ಕೆ ಇದ್ದರೇನಂತೆ, ಅಚ್ಚಿನಲ್ಲೇ ಇದ್ದ ದೋಷವಾಗಿರಬಹುದಲ್ಲ? ಅಚ್ಚಿನಿಂದ ಬಂದದ್ದಾದರೆ ಅದು ಉಬ್ಬಿರಬೇಕು. ಆಮೇಲೆ ಬಿದ್ದ ಪೆಟ್ಟಾದರೆ ತಗ್ಗು. ಅಚ್ಚಿನದಕ್ಕೆ ಅಂಕ ಕಳೆಯದೆ ಬಿಟ್ಟಿರಬಹುದು, ಪೆಟ್ಟಾದರೆ ಕಳೆಯದೆ ಬಿಡುವಂತಿಲ್ಲ.

ಉಬ್ಬೋ ತಗ್ಗೋ ಎಂಬುದು ಕಲ್ಲಿನ ಕೆಲಸದವನಿಗೆ ದಿನದ ಪ್ರಶ್ನೆ. ಎಡಗಡೆಯಿಂದ ಬೆಳಕು ಬಿಟ್ಟರೆ ಉಬ್ಬಿನ ನೆರಳು ಬಲಕ್ಕೆ ಬೀಳುತ್ತದೆ. ತಗ್ಗಾದರೆ ಎಡಗಡೆಯ ಅಂಚೇ ಕಪ್ಪಾಗುತ್ತದೆ. ಆದರೆ ಇಷ್ಟು ಸಣ್ಣ ಚುಕ್ಕೆಯ ನೆರಳನ್ನು ನೋಡುವುದು ಹೇಗೆ? ಊಟದ ಹೊತ್ತಿನಲ್ಲಿ ಸೈಕಲ್ ಶೆಡ್ಡಿನ ಹಿಂದೆ ಹೋಗಿ ನೋಡಿದೆ. ಉಬ್ಬಿದಂತೆ ಕಂಡಿತು. ಖುಷಿಯಾಗಿ ಮುದ್ದೆ ಉಂಡೆ. ಸಂಜೆ ಭೂತಗನ್ನಡಿ ಹಿಡಿದಾಗ ತಗ್ಗು. ಬುಧವಾರ ಉಬ್ಬು, ಗುರುವಾರ ಮತ್ತೆ ತಗ್ಗು. ನೋಡುವುದು ಕಣ್ಣೋ ಆಸೆಯೋ ಗೊತ್ತಾಗದೆ ಹೋಯಿತು.

ಶುಕ್ರವಾರ ಹೆಂಡತಿಯ ಕೈಗೆ ಕೊಟ್ಟೆ. ಅವಳು ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ ಮಾಡುತ್ತಿದ್ದಳು. ಕುದಿವ ನೀರಿನಲ್ಲಿ ಎಳೆಯ ತುದಿ ಹುಡುಕಿ ಪಳಗಿದ ಕಣ್ಣು. ಏನಿದೆ, ಎಲ್ಲಿದೆ ಎಂದು ಹೇಳಲಿಲ್ಲ.

"ನೋಡಮ್ಮಿ, ಎಂಗದೆ?"

"ಏನ್ ನೋಡಾದು? ಎಣ್ಣಾಳು ನಿಂತವ್ಳೆ." ಬಿಸಿಲಿಗೆ ತಿರುಗಿಸಿದಳು. "ಕೈ ಕೆಳಗೆ ಯಾರೋ ಸೂಜೀಲಿ ಚುಚ್ಚವ್ರೆ."

"ಚುಚ್ಚವ್ರಾ? ಉಬ್ಬಿಲ್ವಾ? ಸರ್ಯಾಗಿ ನೋಡು."

"ನಿಂಗೆ ಉಬ್ಬಬೇಕು ಅಂದ್ರೆ ಉಬ್ಬದೆ ಅಂತೀನಿ, ತಕೋ. ಒಲೆ ಮ್ಯಾಲೆ ಸಾರದೆ ನಂದು."

ಆದರೂ ನಾನು ಒಪ್ಪಲಿಲ್ಲ. ದೊಡ್ಡ ದೇಶ, ದೊಡ್ಡ ಕಂಪನಿ, ಅವರ ಕಣ್ಣಿಗೆ ಬೀಳದ್ದು ನಮ್ಮ ಹಿತ್ತಿಲ ಬಾಗಿಲಲ್ಲಿ ಬಿದ್ದೀತೇ?

ಶನಿವಾರ ಸಂಜೆ ಕಾರ್ಖಾನೆಯಲ್ಲಿ ಲೋಡಿಂಗ್ ಇತ್ತು. ಲಾರಿಯ ಎಂಜಿನ್ ಆಫ್ ಮಾಡಿರಲಿಲ್ಲ, ಡ್ರೈವರ್ ಬೈಯುತ್ತಿದ್ದ. ಕಲ್ಲು ಪಾಸು ಮಾಡುವ ಚೆಕ್ಕರ್ ಬೆಳಿಗ್ಗೆಯಿಂದ ಹಲಗೆ ಹಲಗೆಗೂ ಬಗ್ಗಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ ನೋಡಿ ಕಣ್ಣು ಕೆಂಪಾಗಿಸಿಕೊಂಡಿದ್ದ. ಪ್ರತಿಬಿಂಬ ನೆಟ್ಟಗಿದ್ದರೆ 'ಎ' ಸ್ಟಿಕ್ಕರ್, ಅಲ್ಲಾಡಿದರೆ ಸೀಮೆಸುಣ್ಣದ ಗೆರೆ. ಕೊನೆಯ ಸಾಲಿಗೆ ಬಂದಾಗ ಅವನು ಬಗ್ಗಲಿಲ್ಲ. ನಿಂತಲ್ಲೇ ಸ್ಟಿಕ್ಕರ್ ಅಂಟಿಸಿಕೊಂಡು ಹೋದ. ನಾವು ಪಾಲಿಶ್‌ನವರು ಅಂಥವನ್ನು ಶನಿವಾರದ ಕಲ್ಲು ಎನ್ನುತ್ತಿದ್ದೆವು. ಅವನು ಕೆಟ್ಟವನಲ್ಲ. ಒಳ್ಳೆಯ ಕೆಲಸಗಾರ, ಆ ಹೊತ್ತಿಗೆ ಸುಸ್ತಾಗಿದ್ದ, ಅಷ್ಟೇ.

ಅಮೆರಿಕದಲ್ಲೂ ಶನಿವಾರ ಇರುತ್ತದಲ್ಲ ಎಂದುಕೊಂಡೆ. ಮೇಜಿನ ಮುಂದೆ ಕೂತು ರಾಶಿ ನಾಣ್ಯ ನೋಡಿದ ಯಾರೋ ಒಬ್ಬ, ನನ್ನಂಥವನೇ, ಮನೆಗೆ ಹೋಗುವ ಆತುರದಲ್ಲಿ ಇದೊಂದನ್ನು ಓರೆ ಮಾಡದೆ ಬಿಟ್ಟಿರಬಹುದು. ಅಲ್ಲೇ ನಿಂತು ಕಾರ್ಖಾನೆಯ ಟ್ಯೂಬ್‌ಲೈಟಿಗೆ ಡಬ್ಬಿಯನ್ನು ಹಿಡಿದೆ. ಬೆಳಕು ಎಡಕ್ಕಿತ್ತು. ಚುಕ್ಕೆಯ ಎಡಗಡೆಯ ಅಂಚು ಕಪ್ಪಗಿತ್ತು.

ಭಾನುವಾರ ಡಬ್ಬಿ, ಆಲ್ಬಮ್ ಎರಡನ್ನೂ ತೆಗೆದುಕೊಂಡು ಹನೂರಿಗೆ ಹೋದೆ. ಗೆಳೆಯ ಸೀರೆ ಮಡಿಸುತ್ತಿದ್ದ. ಆಲ್ಬಮ್ ಕಂಡು ಅವನ ಮುಖ ಅರಳಿತು.

"ಪೆಟ್ಟು ಬಿದ್ದದೆ ಇದ್ಕೆ. ಎಪ್ಪತ್ತಲ್ಲ ಇದು, ಅರವತ್ತೊಂಬತ್ತು. ಅರವತ್ತೆಂಟೂ ಆಗಬೋದು. ಅರ್ಧ ಆಲ್ಬಮ್ ಕೊಡ್ತೀನಿ," ಎಂದೆ.

ಅವನು ಕನ್ನಡಕ ಏರಿಸಿ ನೋಡಿದ, ಬೀದಿಗೆ ಹೋಗಿ ಬಿಸಿಲಲ್ಲಿ ನೋಡಿದ. "ನಂಗೇನೂ ಕಾಣಲ್ಲ. ಇದ್ರೂ ಒಂದ್ ಮಾರ್ಕು ತಾನೆ? ನನ್ ಮಗ ಮೂವತ್ತೈದು ತಗದಾಗ ಇಡೀ ಬೀದಿಗೆ ಸ್ವೀಟ್ ಅಂಚಿದೀನಿ. ಅರವತ್ತೊಂಬತ್ತು ಬಂದ್ರೆ ಅಳ್ತೀಯಲ್ಲೋ!"

"ಇದ್ರಲ್ಲಿ ಆ ಒಂದ್ರಲ್ಲೇ ಇರಾದು ಎಲ್ಲಾ."

"ಮಿಷನ್ ಮಡಿಕ್ಕಂಡು ನೋಡವ್ರೆ ಅವ್ರು. ನೀನು ಕಲ್ಲುಜ್ಜೋನು."

"ಕಲ್ಲುಜ್ಜೋ ಕಣ್ಣಿಗೇ ಕಂಡದ್ದು ಕಣಯ್ಯಾ."

ಮಾತು ಅಲ್ಲಿಗೆ ನಿಂತಿತು. ಅವನಿಗೆ ಅರ್ಧ ಆಲ್ಬಮ್ ಬೇಡ, ನನಗೆ ಇಡೀ ಆಲ್ಬಮ್ ಕೊಡಲು ಮನಸ್ಸಿಲ್ಲ. ಡಬ್ಬಿಯನ್ನು ಗಾಜಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ. ಟೀ ತರಿಸಿದ, ಇಬ್ಬರೂ ಕುಡಿದೆವು. ಅವನಿಗೆ ಆ ಚುಕ್ಕೆ ಕೊನೆಗೂ ಕಾಣಲಿಲ್ಲ. ಕಂಡೂ ಹೇಳಲಿಲ್ಲವೋ ಏನೋ.

ವಾಪಸ್ ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂತೆ. ಗೆದ್ದೆ ಎಂದು ಅನ್ನಿಸಬೇಕಿತ್ತು. ತೊಡೆಯ ಮೇಲೆ ಆಲ್ಬಮ್ ಬಿಚ್ಚಿದೆ. ಕಿಟಕಿಯ ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು. ಮೊದಲ ಪುಟದ ಕಮಲದ ಇಪ್ಪತ್ತು ಪೈಸೆ, ಕೆಳಗೆ ನನ್ನದೇ ಅಕ್ಷರದಲ್ಲಿ 'ಚೊಕ್ಕ'. ಓರೆ ಮಾಡಿದೆ. ದಳದ ತುದಿಯಲ್ಲಿ ಕೂದಲಿನಂಥ ಗೀರು. ಇಷ್ಟು ವರ್ಷ ನೋಡಿದ್ದೆ, ಕಂಡಿರಲಿಲ್ಲ. ಪುಟ ತಿರುಗಿಸಿದೆ, ಇನ್ನೊಂದು. ಅದನ್ನೂ ಓರೆ ಮಾಡಿದೆ.

ಮನೆಗೆ ಬಂದವನೇ ರಬ್ಬರ್ ಹುಡುಕಿ, ಆಲ್ಬಮ್ ಬಿಚ್ಚಿಕೊಂಡು ಹಿತ್ತಿಲ ಬಾಗಿಲಲ್ಲಿ ಕೂತೆ. ಹೆಂಡತಿ ಹಿಂದೆ ಬಂದು ನಿಂತಳು.

"ವಾಪಸ್ ಕೊಟ್ಯಾ?"

"ಊಂ."

"ಮತ್ತೆ ಇದೇನು ಅಳಿಸ್ತಾ ಇರಾದು?"

"ನೀನೂ ಕುಂತ್ಕೊ," ಎಂದೆ. "ಮೊದ್ಲು ನೀ ನೋಡು, ಆಮೇಲೆ ನಾ ನೋಡ್ತೀನಿ."